ಚಳಿಗಾಲದಲ್ಲಿ ಕರಡಿ ಮಲಗಿರುತ್ತದೆಯೇ? ಮೊಳಕಾಲ್ಮೂರು ಸೀಮೆಯ ಬೆಟ್ಟ ಹತ್ತುವ ಮುನ್ನ ತಿಳಿಯಬೇಕಾದದ್ದು

ನಾಯಕನಹಟ್ಟಿ, ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕಲ್ಲುಬೆಟ್ಟಗಳನ್ನು ನೋಡಲು ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಹಿತವಾದದ್ದು. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟ ಇರುವುದು ಇಲ್ಲೇ. ಆದರೆ 'ಚಳಿಗಾಲದಲ್ಲಿ ಕರಡಿ ಗುಹೆಯಲ್ಲಿ ಮಲಗಿರುತ್ತೆ, ಹಾವು ಹೊರಗೆ ಬರಲ್ಲ, ನೀರೂ ಅಷ್ಟು ಬೇಡ' ಎಂಬ ಮಾತುಗಳನ್ನು ನಂಬಿ ಹೊರಟರೆ ಅಪಾಯ. ಒಂದೊಂದಾಗಿ ನೋಡೋಣ.

ಮಾತು 1: ಚಳಿಗಾಲದಲ್ಲಿ ಕರಡಿ ನಿದ್ದೆಗೆ ಜಾರುತ್ತದೆ

ಇದು ಹಿಮ ಬೀಳುವ ದೇಶಗಳ ಕರಡಿಗಳ ಕಥೆ. ಅಲ್ಲಿ ಚಳಿಗಾಲದಲ್ಲಿ ಆಹಾರ ಸಿಗುವುದಿಲ್ಲ, ಹಾಗಾಗಿ ಅವು ತಿಂಗಳುಗಟ್ಟಲೆ ಮಲಗುತ್ತವೆ. ನಮ್ಮ ಕರಡಿಗೆ ಗೆದ್ದಲು, ಇರುವೆ, ಹಣ್ಣು ವರ್ಷವಿಡೀ ಸಿಗುತ್ತವೆ. ಬಾರೆಹಣ್ಣಿನ ಕಾಲವೇ ಚಳಿಗಾಲ. ಶೇಂಗಾ ಹೊಲಕ್ಕೂ ಅದು ನುಗ್ಗುತ್ತದೆ. ಹಾಗಾಗಿ ಇಲ್ಲಿನ ಕರಡಿ ಚಳಿಗಾಲದಲ್ಲಿ ಮಲಗಿ ಕಳೆಯುವುದಿಲ್ಲ.

ಇನ್ನೊಂದು ಮುಖ್ಯ ವಿಷಯವಿದೆ. ಹೆಣ್ಣು ಕರಡಿಗಳು ಹೆಚ್ಚಾಗಿ ಮರಿ ಹಾಕುವುದು ಈ ತಿಂಗಳುಗಳಲ್ಲೇ. ಮರಿಗಳು ಎರಡು ಮೂರು ತಿಂಗಳು ಗುಹೆಯಲ್ಲೇ ಇರುತ್ತವೆ. ಫೋಟೋಗಾಗಿ ಬಂಡೆಯ ಸಂದಿಗೆ, ಗವಿಗೆ ಇಣುಕುವವರು ಮರಿಯಿರುವ ತಾಯಿಯ ಎದುರಿಗೇ ಹೋಗಿ ನಿಂತಂತೆ.

ಮಾತು 2: ಬೆಳಗಿನ ಜಾವ ಹತ್ತಿದರೆ ಒಳ್ಳೆಯದು

ಸೂರ್ಯೋದಯ ನೋಡಬೇಕೆಂದರೆ ಕತ್ತಲಲ್ಲೇ ಹತ್ತಬೇಕು. ಸಂಜೆಯಿಂದ ಬೆಳಗಿನವರೆಗೆ ಮೇಯುವ ಕರಡಿ ಗವಿಗೆ ಮರಳುವ ಹೊತ್ತೂ ಅದೇ. ಕರಡಿಯ ಮೂಗು ಚುರುಕು, ಕಣ್ಣು ಮಂದ. ಗೆದ್ದಲು ಹೀರುವಾಗ ಪಕ್ಕದಲ್ಲಿ ಯಾರು ಬಂದರೆಂಬುದೂ ಅದಕ್ಕೆ ತಿಳಿಯದಿರಬಹುದು. ಹತ್ತಿರದಲ್ಲಿ ಥಟ್ಟನೆ ಮನುಷ್ಯನನ್ನು ಕಂಡರೆ ಗಾಬರಿಯಿಂದ ಮೇಲೆ ಬೀಳುತ್ತದೆ. ಚೆನ್ನಾಗಿ ಬೆಳಕಾದ ಮೇಲೆ, ಗುಂಪಾಗಿ, ಜೋರಾಗಿ ಮಾತಾಡುತ್ತಾ ಹತ್ತುವುದು ಕ್ಷೇಮ.

ಮಾತು 3: ಮರ ಹತ್ತಿದರೆ ಬಚಾವ್

ಶಾಲೆಯಲ್ಲಿ ಕೇಳಿದ ಇಬ್ಬರು ಗೆಳೆಯರ ಕಥೆಯಲ್ಲಿ ಒಬ್ಬ ಮರ ಹತ್ತುತ್ತಾನೆ, ಇನ್ನೊಬ್ಬ ಸತ್ತಂತೆ ಮಲಗುತ್ತಾನೆ. ಆದರೆ ನಮ್ಮ ಕರಡಿ ಮರ ಹತ್ತುತ್ತದೆ, ಓಟದಲ್ಲೂ ನಮ್ಮನ್ನು ಮೀರಿಸುತ್ತದೆ. ದೂರದಲ್ಲಿ ಕಂಡರೆ ಓಡಬೇಡಿ, ನಿಧಾನವಾಗಿ ಹಿಂದೆ ಸರಿಯಿರಿ. ಮೈಮೇಲೆ ಬಿದ್ದೇ ಬಿಟ್ಟರೆ ಬೋರಲಾಗಿ ಮಲಗಿ, ಎರಡೂ ಕೈಗಳಿಂದ ಕುತ್ತಿಗೆಯ ಹಿಂಭಾಗ ಮುಚ್ಚಿಕೊಳ್ಳಿ. ಕರಡಿ ದಾಳಿಯಲ್ಲಿ ಮುಖ, ತಲೆಗೆ ಆಗುವ ಗಾಯಗಳೇ ಹೆಚ್ಚು ಘೋರ.

ಮಾತು 4: ಹಾವುಗಳು ಹೊರಗೆ ಬರುವುದಿಲ್ಲ

ಹಾವು ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲಾರದು. ರಾತ್ರಿ ಚಳಿಯಿದ್ದರೆ ಹಗಲು ಬಿಸಿಲು ಕಾಯಲು ಬಂಡೆಯ ಮೇಲೆ, ಕಾಲುದಾರಿಯಲ್ಲಿ ಬಂದು ಮಲಗುತ್ತದೆ. ಕೊಳಕುಮಂಡಲ ಹಾವುಗಳು ಕೂಡುವುದೂ ಚಳಿಗಾಲದಲ್ಲೇ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಕೈಕಾಲು ಅಲ್ಲಾಡಿಸದೆ, 108ಕ್ಕೆ ಕರೆ ಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಬೇಗ ತಲುಪಿಸಿ.

ಮಾತು 5: ಚಳಿಯಲ್ಲಿ ನೀರು ಬೇಡ

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಿವು. ಗಾಳಿಯಲ್ಲಿ ತೇವ ಕಡಿಮೆ, ಮೋಡವೂ ಕಡಿಮೆ. ಹಗಲು ಕಾದ ನೆಲ ರಾತ್ರಿ ಬೇಗ ಆರುತ್ತದೆ. ಹಾಗಾಗಿ ಬೆಳಿಗ್ಗೆ ಸ್ವೆಟರ್ ಬೇಕು, ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ. ಒಣಗಾಳಿಯಲ್ಲಿ ಬೆವರು ತಕ್ಷಣ ಆರುವುದರಿಂದ ನೀರು ಹೋಗುತ್ತಿರುವುದೇ ಗೊತ್ತಾಗುವುದಿಲ್ಲ, ಚಳಿಯಲ್ಲಿ ಬಾಯಾರಿಕೆಯೂ ಕಡಿಮೆ. ಬೆಟ್ಟದ ಮೇಲಿನ ದೊಣೆಯನ್ನು ನಂಬದೆ ನೀರು ಒಯ್ಯಿರಿ, ಬಾಯಾರದಿದ್ದರೂ ಆಗಾಗ ಕುಡಿಯಿರಿ.

ಬೆಂಕಿ, ಅನುಮತಿ

ಮಳೆಗಾಲದಲ್ಲಿ ಬೆಳೆದ ಹುಲ್ಲು ಈಗ ಒಣಗಿ ನಿಂತಿರುತ್ತದೆ. ಚಳಿ ಕಾಯಲು ಹಾಕಿದ ಬೆಂಕಿಯ ಒಂದು ಕಿಡಿ ಸಾಕು, ಇಡೀ ಬೆಟ್ಟ ಸುಡುತ್ತದೆ. ಊರ ದನ, ಕುರಿಗಳ ಬೇಸಿಗೆಯ ಮೇವೂ ಅದರಲ್ಲೇ ಹೋಗುತ್ತದೆ. ಮೀಸಲು ಅರಣ್ಯಕ್ಕೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಇಲಾಖೆಯ ಸಹಾಯವಾಣಿ 1926.

ಹೊರಡುವ ಮುನ್ನ ತಪ್ಪಲಿನ ಊರಿನ ಕುರಿಗಾಹಿಗಳನ್ನು ಒಮ್ಮೆ ಕೇಳಿ. ಯಾವ ಗವಿಯಲ್ಲಿ ಈ ವರ್ಷ ಕರಡಿಯಿದೆ ಎಂಬುದು ಫಾರ್ವರ್ಡ್‌ಗಳಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.