ವೈದ್ಯರೆದುರು ಸಂಕೋಚ ಬೇಡ

ನಮ್ಮ ಪರಿಚಯದ ಮನೆಯೊಂದರ ಸೊಸೆಗೆ ಕೆಲವು ವರ್ಷಗಳ ಹಿಂದೆ ಕ್ಷಯರೋಗ ತಗುಲಿ, ಆರು ತಿಂಗಳ ಔಷಧೋಪಚಾರ ಆರಂಭವಾಯಿತು. ಆಕೆ ಗರ್ಭನಿರೋಧಕ ಮಾತ್ರೆಯನ್ನೂ ಸೇವಿಸುತ್ತಿದ್ದಳು. ಅತ್ತೆಯವರು ಪಕ್ಕದಲ್ಲಿಯೇ ಕುಳಿತಿದ್ದುದರಿಂದ ಅದನ್ನು ವೈದ್ಯರಿಗೆ ಹೇಳಲು ನಾಚಿದಳು. ಒಂದು ದಿನವೂ ಮಾತ್ರೆ ತಪ್ಪಿಸದಿದ್ದರೂ ಮೂರನೆಯ ತಿಂಗಳಲ್ಲಿ ಗರ್ಭ ನಿಂತಿತು. ಮಾತ್ರೆ ಮರೆತಿರುವಿಯೆಂದು ಪತಿಯು ಆಕೆಯನ್ನೇ ದೂರಿದನು. ತಪ್ಪು ಆಕೆಯದಾಗಿರಲಿಲ್ಲ.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಔಷಧವು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಆಗ ಗರ್ಭನಿರೋಧಕ ಮಾತ್ರೆಯ ಹಾರ್ಮೋನುಗಳು ಬೇಗನೆ ವಿಘಟನೆಗೊಂಡು, ರಕ್ತದಲ್ಲಿ ಅವುಗಳ ಪ್ರಮಾಣ ಕುಗ್ಗುತ್ತದೆ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವ ಮಾಲಾ-ಎನ್ ಮಾತ್ರೆಗೂ ಈ ಮಾತು ಅನ್ವಯಿಸುತ್ತದೆ. ಔಷಧ ನಿಲ್ಲಿಸಿದ ಮೇಲೂ ಸುಮಾರು 4 ವಾರ ಈ ಪ್ರಭಾವ ಉಳಿಯುವುದು. ಮೂರ್ಛೆರೋಗದ ಫೆನಿಟೋಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್‌ಗಳದೂ ಇದೇ ಗುಣ. ಲ್ಯಾಮೋಟ್ರಿಜಿನ್‌ನ ಸಂಗತಿ ಇದಕ್ಕೆ ವಿಪರೀತ: ಗರ್ಭನಿರೋಧಕ ಮಾತ್ರೆಯೇ ಅದರ ಬಲವನ್ನು ತಗ್ಗಿಸಿ, ಮೂರ್ಛೆ ಮರುಕಳಿಸಬಹುದು.

ಹಾಗೆಂದು ಎಲ್ಲ ಔಷಧಗಳಿಗೂ ಅಂಜಬೇಕಿಲ್ಲ. ಗಾಯಗಳಿಗೆ ವೈದ್ಯರು ಬರೆದುಕೊಡುವ ಸಾಮಾನ್ಯ ಆ್ಯಂಟಿಬಯಾಟಿಕ್‌ಗಳಿಂದ ಬಾಧೆಯಿಲ್ಲ. ನಮ್ಮ ನಿತ್ಯದ ಊಟದಲ್ಲಿ ಪಥ್ಯವೂ ಬೇಕಿಲ್ಲ. ಮಾತ್ರೆ ನುಂಗಿದ 3 ಗಂಟೆಯೊಳಗೆ ವಾಂತಿಯಾದರೆ ಮಾತ್ರ ಇನ್ನೊಂದನ್ನು ಸೇವಿಸಬೇಕು.

ಕೆಲವರಿಗೆ ಈ ಮಾತ್ರೆಯೇ ಹೊಂದದು. ಅಧಿಕ ರಕ್ತದೊತ್ತಡವಿರುವವರು, ಹಿಂದೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಕಣ್ಣಿಗೆ ಮಿಂಚು ಕಂಡು ಅರೆತಲೆನೋವು ಬರುವವರು, 6 ತಿಂಗಳೊಳಗಿನ ಕೂಸಿಗೆ ಎದೆಹಾಲುಣಿಸುವವರು ಮೊದಲು ವೈದ್ಯರನ್ನು ಕೇಳಬೇಕು.

ಇದನ್ನೋದಿ ಯಾರೂ ಕ್ಷಯದ ಅಥವಾ ಮೂರ್ಛೆಯ ಔಷಧವನ್ನು ತಾವಾಗಿ ಬಿಡಕೂಡದು; ಅದರಿಂದ ಪ್ರಾಣಕ್ಕೇ ಅಪಾಯ. ಬದಲಿಸಬೇಕಾದುದು ಗರ್ಭನಿರೋಧದ ವಿಧಾನವನ್ನು. ತಾಮ್ರದ ಕಾಪರ್-ಟಿಯ ಮೇಲೆ ಈ ಔಷಧಗಳ ಪ್ರಭಾವವಿಲ್ಲ.

ಆ ಸೊಸೆಯ ರೋಗ ವಾಸಿಯಾಯಿತು, ತಾಯಿ-ಮಗು ಕ್ಷೇಮವಾಗಿದ್ದಾರೆ. ಆದರೆ ಮಾಡದ ತಪ್ಪಿಗೆ ಆಕೆ ಕೇಳಿದ ಮಾತುಗಳು ಇಂದಿಗೂ ಮರೆತಿಲ್ಲ. ಹಿರಿಯರಲ್ಲಿ ನಮ್ಮದೊಂದು ವಿನಂತಿ: ಸೊಸೆಯನ್ನಾಗಲಿ ಮಗಳನ್ನಾಗಲಿ ಆಸ್ಪತ್ರೆಗೆ ಕರೆದೊಯ್ದಾಗ ಐದು ನಿಮಿಷ ಹೊರಗೆ ಕುಳಿತುಕೊಳ್ಳಿರಿ. ಸೇವಿಸುತ್ತಿರುವ ಎಲ್ಲ ಔಷಧಗಳ ಹೆಸರನ್ನೂ ಆಕೆ ನಿಸ್ಸಂಕೋಚವಾಗಿ ವೈದ್ಯರಿಗೆ ಹೇಳಲಿ.