ಕಾಯಕದ ಜಾಗದಲ್ಲಿ ಮಾತಿಗೂ ಜಾಗವಿರಲಿ

ನಮ್ಮ ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ದೊಡ್ಡ ಕಾರ್ಖಾನೆಗಳ ಗೇಟಿನ ಪಕ್ಕ ಒಂದು ಹಲಗೆ ಇರುತ್ತದೆ: ಅಪಘಾತವಿಲ್ಲದೆ ಕಳೆದ ದಿನಗಳು ಇಷ್ಟು. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನ ಬಂತೆಂದರೆ ಅದಕ್ಕೆ ಹೊಸ ಬಣ್ಣ. ಒಳ್ಳೆಯ ಹಲಗೆಯೇ. ಹೆಲ್ಮೆಟ್ಟು, ಬೆಲ್ಟು, ಬೂಟುಗಳಿಂದ ಎಷ್ಟೋ ಜೀವ ಉಳಿದಿವೆ. ಆದರೆ ಪಾಳಿ ಮುಗಿಸಿ ರೂಮಿಗೆ ಹೋದ ಹುಡುಗ ತನ್ನ ಕೈಯಾರೆ ಜೀವ ಕಳೆದುಕೊಂಡರೆ ಹಲಗೆಯ ಅಂಕಿ ಬದಲಾಗುವುದಿಲ್ಲ. ಅದು ‘ವೈಯಕ್ತಿಕ ಕಾರಣ’.

ಆ ಎರಡು ಪದಗಳನ್ನು ನಾವು ಬಹಳ ಸುಲಭವಾಗಿ ಒಪ್ಪಿಕೊಂಡಿದ್ದೇವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ಶೇ 26.4ರಷ್ಟು ದಿನಗೂಲಿಯವರು. ಆತ್ಮಹತ್ಯೆಗೆ ಒಂದೇ ಕಾರಣ ಎಂಬುದಿಲ್ಲ, ನಿಜ. ಸಾಲ, ಸಂಸಾರ, ಕುಡಿತ, ಕಾಯಿಲೆ ಎಲ್ಲವೂ ಹೆಣೆದುಕೊಂಡಿರುತ್ತವೆ. ಆದರೆ ಆ ಸಾಲದ ಹಿಂದೆ ತಡವಾದ ಸಂಬಳ ಇರಬಹುದು, ಆ ಕುಡಿತದ ಹಿಂದೆ ಬಿಡುವಿಲ್ಲದ ರಾತ್ರಿಪಾಳಿ ಇರಬಹುದು. ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಕರಾವಳಿಗೆ ದುಡಿಯಲು ಬಂದ ನಮ್ಮ ಮಕ್ಕಳಿಗೆ ಊರು ದೂರ, ತುಳು ಬಾರದು. ಅವರ ದಿನ ಒಳ್ಳೆಯದಾಗುವುದೂ ಕೆಡುವುದೂ ಮೇಸ್ತ್ರಿಯ ಬಾಯಲ್ಲಿದೆ.

ಕಚೇರಿಗಳ ಕಥೆ ಬೇರೆಯೇನಲ್ಲ. 2024ರ ಮೇ 26ರಂದು ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಅಧೀಕ್ಷಕರೊಬ್ಬರು ಶಿವಮೊಗ್ಗದಲ್ಲಿ ಜೀವ ಕಳೆದುಕೊಂಡರು. ನಿಗಮದ ಹಣ ಅಕ್ರಮವಾಗಿ ವರ್ಗಾವಣೆಯಾದ ಬಗ್ಗೆ, ಮೇಲಿನವರ ಒತ್ತಡದ ಬಗ್ಗೆ ಅವರು ಪತ್ರ ಬರೆದಿಟ್ಟಿದ್ದರು. ತನಿಖೆಗಳಾದವು, ಸಚಿವರೊಬ್ಬರು ರಾಜೀನಾಮೆ ಕೊಟ್ಟರು, ಸದನದಲ್ಲಿ ಗದ್ದಲವಾಯಿತು. ಆ ಗದ್ದಲದಲ್ಲಿ ಯಾರೂ ಕೇಳದೆ ಹೋದ ಪ್ರಶ್ನೆ ಒಂದಿದೆ: ಬದುಕಿದ್ದಾಗ ಅದೇ ಪತ್ರವನ್ನು ಕೊಡಲು ಅವರಿಗೆ ಒಂದು ಟೇಬಲ್ಲು ಏಕೆ ಕಾಣಲಿಲ್ಲ?

ಸರ್ಕಾರಿ ಇಂಜಿನಿಯರಾಗಿ ಸೇವೆ ಮಾಡಿದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಆದೇಶ ಮೇಲಿನವರ ಬಾಯಿಮಾತು, ಅಳತೆ ಪುಸ್ತಕದಲ್ಲಿ ಸಹಿ ಮಾತ್ರ ಕೆಳಗಿನವರದು. ನಾಳೆ ವಿಚಾರಣೆ ಬಂದರೆ ಬಾಯಿಮಾತಿಗೆ ಸಾಕ್ಷಿಯಿಲ್ಲ, ಸಹಿಗೆ ಇದೆ. ಆ ನಡುವೆ ಸಿಕ್ಕಿಬಿದ್ದ ಕಿರಿಯ ನೌಕರನಿಗೆ ಒಂದು ದಿನದ ಧ್ಯಾನ ಶಿಬಿರ ಏರ್ಪಡಿಸಿ ಪ್ರಮಾಣಪತ್ರ ಕೊಟ್ಟರೆ ಏನು ಪ್ರಯೋಜನ? (ಧ್ಯಾನದ ಬಗ್ಗೆ ನನಗೆ ತಕರಾರಿಲ್ಲ. ಶಿಬಿರದ ಬಗ್ಗೆ ಇದೆ.) ಅವನಿಗೆ ಬೇಕಾದದ್ದು ಲಿಖಿತ ಆದೇಶ ಕೇಳುವ ಹಕ್ಕು, ಕಡತದಲ್ಲಿ ‘ಇದು ನಿಯಮಬಾಹಿರ’ ಎಂದು ಬರೆದರೂ ವರ್ಗಾವಣೆಯಾಗದ ಭರವಸೆ. ಮಾನಸಿಕ ಆರೋಗ್ಯವೆಂದರೆ ಇದೂ ಹೌದು.

ಈಗ ನಮ್ಮ ಮನೆಯ ಮಾತು. ಕಾಯಕ ಎಂಬ ಪದವನ್ನು ಇಂದು ಅತಿ ಹೆಚ್ಚು ಬಳಸುವವರು ದುಡಿಸಿಕೊಳ್ಳುವವರು. ಸಂಬಳ ಕೇಳಿದರೆ ಕಾಯಕ, ರಜೆ ಕೇಳಿದರೆ ಕಾಯಕ. ಶರಣರು ಹೇಳಿದ್ದು ಇದಲ್ಲ. ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂತಿರುಗಿಸಿ ಬನ್ನಿ ಎಂದವಳು ಲಕ್ಕಮ್ಮ. ಕಾಯಕಕ್ಕೆ ಮಿತಿಯಿತ್ತು. ಜೊತೆಗೆ ದಾಸೋಹವಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಅನುಭವ ಮಂಟಪವಿತ್ತು: ಮಡಿವಾಳ, ಅಂಬಿಗ, ಹಗ್ಗ ಹೊಸೆಯುವವ ಎಲ್ಲರೂ ಕೂತು, ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಎದುರೇ ತಮ್ಮ ಮಾತು ಆಡಬಹುದಾಗಿದ್ದ ಜಾಗ. ಮಾತಿನ ಜಾಗ ಕಿತ್ತುಹಾಕಿ ದುಡಿತವನ್ನಷ್ಟೇ ಉಳಿಸಿಕೊಂಡರೆ ಅದು ಚಾಕರಿ.

ನಮ್ಮ ಮಠಗಳ ಆಶ್ರಯದ ಶಾಲೆ, ಕಾಲೇಜು, ಆಸ್ಪತ್ರೆಗಳು ಈ ನಾಡಿನಲ್ಲಿ ಸಾವಿರಾರು ಜನರಿಗೆ ಕೆಲಸ ಕೊಟ್ಟಿವೆ. ಪೂಜ್ಯರು ಆ ಸಂಸ್ಥೆಗಳ ಅಧ್ಯಕ್ಷರು, ಅಂದರೆ ಉದ್ಯೋಗದಾತರು. ಅನುದಾನವಿಲ್ಲದ ಶಾಲೆಯ ಶಿಕ್ಷಕಿಗೆ ತಿಂಗಳ ಸಂಬಳ ಇಂಥ ದಿನವೇ ಬರುತ್ತದೆಯೇ? ನೌಕರರ ಮೂಲ ಅಂಕಪಟ್ಟಿ ಇಟ್ಟುಕೊಳ್ಳುವ ಪದ್ಧತಿ ಎಲ್ಲಾದರೂ ಉಳಿದಿದ್ದರೆ ಅದನ್ನು ಇವತ್ತೇ ವಾಪಸು ಕೊಡಬಾರದೇ? ಪ್ರಾಂಶುಪಾಲರ ಮೇಲೆ ದೂರಿದ್ದರೆ ಅದೇ ಪ್ರಾಂಶುಪಾಲರ ಕೈಗೆ ಕೊಡಬೇಕಾದ ಸ್ಥಿತಿಯಿದೆಯೇ? ಬೈಕಂಪಾಡಿಯ ಮಾಲೀಕರಿಗೆ ಬುದ್ಧಿ ಹೇಳುವ ಮೊದಲು ಇವಕ್ಕೆ ಉತ್ತರ ಹೇಳಬೇಕು.

‘ಸಾಯಬೇಕೆಂದವರನ್ನು ಯಾರು ತಡೆಯಲಾದೀತು’ ಎನ್ನುವವರಿದ್ದಾರೆ. ಪ್ರಾರಬ್ಧ, ಹಣೆಬರಹ ಎನ್ನುವವರೂ ಇದ್ದಾರೆ; ಆ ಮಾತು ಶರಣರ ಅನುಯಾಯಿಗಳ ಬಾಯಲ್ಲಿ ಬರಬಾರದು. ಮಂಗಳೂರಿನಲ್ಲಿ ನೇತ್ರಾವತಿ ಸೇತುವೆಗೆ ಎತ್ತರದ ಜಾಲರಿ ಹಾಕಿದ್ದಾರೆ. ಸಾಯುವ ತೀವ್ರ ತುಡಿತ ಹಲವರಲ್ಲಿ ಸ್ವಲ್ಪ ಹೊತ್ತಿನದು, ಆ ಹೊತ್ತು ದಾಟಿದರೆ ಬದುಕುತ್ತಾರೆ ಎಂಬ ತಿಳಿವಳಿಕೆ ಅದರ ಹಿಂದಿದೆ. ಕೆಲಸದ ಜಾಗದಲ್ಲಿ ಆ ಜಾಲರಿ ಯಾವುದು? ಅಪಾಯಕಾರಿ ರಾಸಾಯನಿಕಕ್ಕೆ ಬೀಗ ಮತ್ತು ಲೆಕ್ಕ, ಅದು ಸರಿ. ಅದಕ್ಕಿಂತ ದೊಡ್ಡದು, ಪಕ್ಕದಲ್ಲಿ ನಿಂತು ಕೆಲಸ ಮಾಡುವವನ ಕಣ್ಣು. ಮಾತಾಡುತ್ತಿದ್ದವನು ಮೌನವಾದರೆ, ತನ್ನ ವಸ್ತುಗಳನ್ನು ಹಂಚತೊಡಗಿದರೆ, ‘ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು’ ಎಂದರೆ, ನೇರವಾಗಿ ಕೇಳಬೇಕು: ಸಾಯುವ ಯೋಚನೆ ಬರುತ್ತಿದೆಯೇನಪ್ಪಾ? ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ಕಲ್ಪನೆ. ಹೌದೆಂದರೆ ಒಬ್ಬನೇ ಬಿಡದೆ ಜೊತೆಗಿರಬೇಕು. 14416ಕ್ಕೆ ಕರೆ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮಂಗಳೂರಿನವರಿಗೆ ವೆನ್‌ಲಾಕ್ ಆಸ್ಪತ್ರೆಯಿದೆ. ಇಎಸ್‌ಐ ಇದ್ದವರಿಗೆ ಮನೋವೈದ್ಯರ ಚಿಕಿತ್ಸೆಯೂ ಅದರಲ್ಲೇ ಸಿಗುತ್ತದೆ. ಗುತ್ತಿಗೆದಾರ ಹೆಸರೇ ಸೇರಿಸದಿದ್ದರೆ ಅದೂ ಇಲ್ಲ.

ಯತ್ನಿಸಿ ಬದುಕುಳಿದವನನ್ನು ಅಪರಾಧಿಯಂತೆ ನೋಡಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಹೇಳುತ್ತದೆ. ಅವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು. ಅವನು ಕೆಲಸಕ್ಕೆ ಮರಳಿದ ದಿನ ಕ್ಯಾಂಟೀನಿನಲ್ಲಿ ಪಕ್ಕಕ್ಕೆ ಯಾರು ಕೂರುತ್ತಾರೆ ಎಂಬುದಕ್ಕೆ ಮಾತ್ರ ಯಾವ ಕಲಮೂ ಇಲ್ಲ.

2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಕಲ್ಯಾಣ ಅಧಿಕಾರಿಯನ್ನು ಕಡ್ಡಾಯ ಮಾಡಿದ್ದು 500 ಕಾರ್ಮಿಕರಿರುವಲ್ಲಿ. ಇಪ್ಪತ್ತು ಜನರ ಶೆಡ್ಡಿಗೆ ಯಾರು? ಅಲ್ಲಿ ಮಾಲೀಕನೇ ಆ ಅಧಿಕಾರಿ. ಎಷ್ಟೋ ಮಾಲೀಕರು ನಮ್ಮ ಮಠಗಳ ಭಕ್ತರು, ಶ್ರಾವಣದ ಪ್ರವಚನಕ್ಕೆ ಮುಂದಿನ ಸಾಲಿನಲ್ಲಿ ಕೂರುವವರು. ಪೂಜ್ಯರಲ್ಲಿ ವಿನಂತಿ: ಈ ಶ್ರಾವಣದಲ್ಲಿ ಒಂದು ಸಂಜೆ ಪ್ರವಚನದ ಬದಲು ಅವರ ಕೆಲಸಗಾರರನ್ನು ಕರೆಸಿ ಮಾತಾಡಲು ಬಿಡಿ, ಮಾಲೀಕರು ಕೇಳಿಸಿಕೊಳ್ಳಲಿ. ಹಾಗೆಯೇ ಮಠದ ಸಂಸ್ಥೆಗಳ ಮುಂದಿನ ಆಡಳಿತ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಸಂಬಳದ ದಿನಾಂಕ, ಅಂಕಪಟ್ಟಿ, ದೂರು ಸಮಿತಿ ಈ ಮೂರೂ ಇರಲಿ. ಆದ ತೀರ್ಮಾನಗಳನ್ನು ಕಳಿಸಿಕೊಟ್ಟರೆ ಈ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ.