ಮಧುಮೇಹವೂ ನಮ್ಮ ತಾಲ್ಲೂಕುಗಳೂ

ನಂಜನಗೂಡಿನ ರಸಬಾಳೆಯೂ ತಿರುಮಕೂಡಲು ನರಸೀಪುರದ ಬತ್ತ ಕಬ್ಬುಗಳೂ ನಮ್ಮ ಜಿಲ್ಲೆಗೆ ಹೆಮ್ಮೆ ತಂದ ಬೆಳೆಗಳು. ಆದರೆ ಮಧುಮೇಹವು ಸಿಹಿ ತಿಂದವರಿಗೆ ಬರುವ ಶಿಕ್ಷೆಯೆಂದೂ, ಸಿಹಿಯನ್ನು ಬಿಟ್ಟೊಡನೆ ತೀರಿಹೋಗುವ ತೊಂದರೆಯೆಂದೂ ನಂಬಿರುವವರು ನಮ್ಮ ಮಹಾಜನರಲ್ಲಿ ಇನ್ನೂ ಅನೇಕರಿದ್ದಾರೆ. ಈ ನಂಬಿಕೆಯಿಂದ ಆಗುತ್ತಿರುವ ಹಾನಿಯ ಕಡೆಗೆ ವಾಚಕರ ಗಮನವನ್ನು ಸೆಳೆಯುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಜಠರದ ಹಿಂಭಾಗದಲ್ಲಿರುವ ಮೇದೋಜೀರಕಾಂಗದಲ್ಲಿ ಸಣ್ಣ ಸಣ್ಣ ಜೀವಕೋಶದ್ವೀಪಗಳು ಚದರಿಕೊಂಡಿವೆ. 1869ರಲ್ಲಿ ಅವುಗಳನ್ನು ಮೊದಲು ವರ್ಣಿಸಿದವನು ಜರ್ಮನಿಯ ಲಾಂಗರ್‌ಹಾನ್ಸ್ ಎಂಬ ವಿದ್ಯಾರ್ಥಿ. ಅಲ್ಲಿಂದ ಮುಖ್ಯವಾಗಿ ಎರಡು ರಸಗಳು ರಕ್ತವನ್ನು ಸೇರುತ್ತವೆ. ಯಕೃತ್ತನ್ನು ಖಜಾನೆಯೆಂದು ಎಣಿಸಿದರೆ, ಊಟವಾದ ಮೇಲೆ ಮಿಕ್ಕ ಸಕ್ಕರೆಯನ್ನು ಖಜಾನೆಗೂ ಮಾಂಸಖಂಡಗಳಿಗೂ ಜಮೆ ಮಾಡಿಸುವುದು ಇನ್ಸುಲಿನ್. ಹಸಿವಿನ ವೇಳೆ ಖಜಾನೆಯ ಜಮೆಯಿಂದ ರಕ್ತಕ್ಕೆ ಸಕ್ಕರೆಯನ್ನು ಬಿಡುಗಡೆ ಮಾಡಿಸುವುದು ಗ್ಲುಕಗಾನ್. ಆರೋಗ್ಯವಂತರಲ್ಲಿ ಒಂದು ಏರಿದಾಗ ಇನ್ನೊಂದು ತಗ್ಗುತ್ತದೆ.

ಮಧುಮೇಹದಲ್ಲಿ ಇನ್ಸುಲಿನ್ ಇಲ್ಲದಾಗುತ್ತದೆ, ಇಲ್ಲವೆ ಅದರ ಆಜ್ಞೆಗೆ ದೇಹವು ಮಣಿಯದಾಗುತ್ತದೆ. ಗ್ಲುಕಗಾನಾದರೋ ತಗ್ಗಬೇಕಾದ ಹೊತ್ತಿನಲ್ಲಿಯೂ ತಗ್ಗುವುದಿಲ್ಲ. ಆದುದರಿಂದಲೇ ರಾತ್ರಿ ಉಪವಾಸವಿದ್ದವನ ರಕ್ತದಲ್ಲಿಯೂ ಬೆಳಗಿನ ಹೊತ್ತಿಗೆ ಸಕ್ಕರೆ ಏರಿರಬಹುದು. ಆ ಸಕ್ಕರೆಯು ತಟ್ಟೆಯಿಂದ ಬಂದುದಲ್ಲ, ಯಕೃತ್ತಿನಿಂದ ಬಂದುದು. ಹೀಗಿರುವಲ್ಲಿ, ಪಾಯಸವನ್ನು ಬಿಟ್ಟು ಮೂರು ಹೊತ್ತೂ ಅನ್ನವನ್ನೇ ಉಣ್ಣುವವನು ಪಥ್ಯ ಮಾಡಿದನೆಂದು ಹೇಗೆ ಹೇಳುವುದು? ಅನ್ನವೂ ಹೊಟ್ಟೆಯಲ್ಲಿ ಸಕ್ಕರೆಯಾಗಿಯೇ ಪರಿಣಮಿಸುತ್ತದೆ.

1921ರಲ್ಲಿ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅದನ್ನು ಮೊದಲು ಒಬ್ಬ ಬಾಲಕನಿಗೆ ಕೊಡಲಾಯಿತು. ಅದರ ಹಕ್ಕುಗಳನ್ನು ಅಲ್ಲಿಯ ವಿಶ್ವವಿದ್ಯಾನಿಲಯಕ್ಕೆ ತಲಾ ಒಂದು ಡಾಲರಿಗೆ ಒಪ್ಪಿಸಿಕೊಟ್ಟರು. ಲೋಕಕ್ಕೆ ಹೀಗೆ ದತ್ತವಾದ ಔಷಧವನ್ನು, ಯಾರೋ ಬೇರು ಬೊಗಟೆಯ ಕಷಾಯವನ್ನು ಹೊಗಳಿದರೆಂದು ರೋಗಿಗಳು ತಾವಾಗಿಯೇ ನಿಲ್ಲಿಸುವುದು ಆತ್ಮಘಾತುಕವಾದ ನಡತೆ. ಮಧುಮೇಹದ ಲಕ್ಷಣಗಳನ್ನು ನಮ್ಮ ಚರಕ ಸುಶ್ರುತರು ಪುರಾತನ ಕಾಲದಲ್ಲಿಯೇ ಬಲ್ಲವರಾಗಿದ್ದರು. ಅವರ ಹೆಸರನ್ನು ಮುಂದಿಟ್ಟುಕೊಂಡು ಪರೀಕ್ಷೆಯಿಲ್ಲದ ಪುಡಿಗಳನ್ನು ಮಾರುವುದು ಅವರಿಗೆ ಸಲ್ಲಿಸುವ ಗೌರವವಲ್ಲ.

ಈ ರೋಗವು ಸಿರಿವಂತರ ಸೊತ್ತೆಂಬ ಮಾತೂ ಹಳೆಯದಾಯಿತು. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯು ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ನಮಗೆ ಸಮೀಪದ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಪರೀಕ್ಷಿತರಾದ ಗರ್ಭಿಣಿಯರ ಪೈಕಿ ನೂರಕ್ಕೆ 6.2 ಮಂದಿಯಲ್ಲಿ ಮಧುಮೇಹವು ಕಂಡುಬಂದಿತು. ಅಂತಹ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಕೊಬ್ಬೂ ಇನ್ಸುಲಿನ್ನಿನ ಪ್ರಮಾಣವೂ ಇತರರಿಗಿಂತ ಹೆಚ್ಚಾಗಿದ್ದುವು. ರೋಗದ ಬೀಜವು ಗರ್ಭದಲ್ಲಿಯೇ ಬೀಳಬಹುದೆಂಬುದಕ್ಕೆ ಇದಕ್ಕಿಂತ ಸಮೀಪದ ಸಾಕ್ಷ್ಯವು ನಮಗೆ ಬೇಕಿಲ್ಲ.

ಆದಕಾರಣ ಸರ್ಕಾರದವರಲ್ಲಿ ನಮ್ಮ ಬಿನ್ನಹವಿಷ್ಟೆ: ಈ ಎರಡು ತಾಲ್ಲೂಕುಗಳಲ್ಲಿ ಪ್ರತಿಯೊಬ್ಬ ಗರ್ಭಿಣಿಯ ರಕ್ತವನ್ನೂ ತಪ್ಪದೆ ಪರೀಕ್ಷಿಸತಕ್ಕದ್ದು, ಗ್ರಾಮದ ಆರೋಗ್ಯ ಕೇಂದ್ರಗಳಲ್ಲಿ ಇನ್ಸುಲಿನ್ನೂ ಅದನ್ನು ತಂಪಾಗಿಡುವ ಪೆಟ್ಟಿಗೆಯೂ ಅದಕ್ಕೆ ತಕ್ಕ ವಿದ್ಯುತ್ತೂ ಎಂದೂ ಇಲ್ಲವೆನ್ನದಂತೆ ಏರ್ಪಡಿಸತಕ್ಕದ್ದು. ಮಹಾಜನರಾದರೋ ಮೂವತ್ತು ದಾಟಿದೊಡನೆ ಪರೀಕ್ಷೆ ಮಾಡಿಸಿಕೊಳ್ಳಲಿ. ಬರಿಹೊಟ್ಟೆಯಲ್ಲಿ ಸಕ್ಕರೆಯ ಅಂಕಿ 126 ಅಥವಾ ಹೆಚ್ಚೆಂದು ಎರಡು ಸಲ ಕಂಡರೆ ಅದು ಮಧುಮೇಹವೇ ಸರಿ. ಕಣ್ಣು, ಮೂತ್ರಪಿಂಡ, ಕಾಲುಗಳು ಕೆಡುವ ಮೊದಲೇ ವೈದ್ಯರ ಬಳಿಗೆ ಹೋಗುವುದರಲ್ಲಿ ಸಂಕೋಚಕ್ಕೆ ಏನೂ ಕಾರಣವಿಲ್ಲ.